ಖಡ್ಗದ ರಾಣಿ ವಿಧವೆಯೇ? ಟ್ಯಾರೋ ರಾಣಿಯರ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೆ 46 ವರ್ಷ. ನಾಲ್ಕು ತಿಂಗಳ ಹಿಂದೆ ನಮ್ಮ ಯಜಮಾನರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಈಗ ಚೇತರಿಸಿಕೊಂಡು ಕೆಲಸಕ್ಕೂ ಹೋಗುತ್ತಿದ್ದಾರೆ. ಕಳೆದ ತಿಂಗಳು ನಾದಿನಿಯ ಮನೆಗೆ ಬಂದಿದ್ದ ಪರಿಚಿತರೊಬ್ಬರು ಟ್ಯಾರೋ ಕಾರ್ಡು ನೋಡಿ ಭವಿಷ್ಯ ಹೇಳುತ್ತಾರೆಂದು ತಿಳಿದು, ಎಲ್ಲರ ಒತ್ತಾಯಕ್ಕೆ ನಾನೂ ಕುಳಿತೆ. ಅವರು ಹತ್ತು ಎಲೆಗಳನ್ನು ಹರಡಿದರು. ಕೊನೆಯದಾಗಿ ಕತ್ತಿ ಹಿಡಿದ ರಾಣಿ ಬಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇದು ವಿಧವೆಯ ಕಾರ್ಡು, ಜಾಗ್ರತೆಯಾಗಿರಿ' ಎಂದರು. ಮಗಳು ಮೊಬೈಲಿನಲ್ಲಿ ಹುಡುಕಿದರೆ ಅಲ್ಲಿಯೂ ಮೊದಲು ಸಿಕ್ಕಿದ್ದು ಅದೇ ಅರ್ಥ. ಅಂದಿನಿಂದ ರಾತ್ರಿ ಯಜಮಾನರ ಉಸಿರಾಟ ಕೇಳಿಸಿಕೊಳ್ಳುತ್ತ ಎಚ್ಚರವಾಗಿಯೇ ಇರುತ್ತೇನೆ. ಈ ರಾಣಿಯ ಚಿತ್ರ ನಿಜವಾಗಿ ಏನು ಹೇಳುತ್ತದೆ?
— ಹೆಸರು ಬೇಡ, ದಾವಣಗೆರೆ

ಉತ್ತರ: ಸೋದರಿ, ಮೊದಲು ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಯಜಮಾನರ ಆಯುಸ್ಸಿನ ಬಗ್ಗೆ ಆ ಎಲೆಗೆ ಏನೂ ಗೊತ್ತಿಲ್ಲ. ಅವರ ಆರೋಗ್ಯದ ಸ್ಥಿತಿ ತಿಳಿಯುವುದು ಹೃದ್ರೋಗ ತಜ್ಞರ ತಪಾಸಣೆಯಲ್ಲಿ. ನಿಮ್ಮ ಆತಂಕವನ್ನು ಮುಂದಿನ ಭೇಟಿಯಲ್ಲಿ ಅವರ ಮುಂದೆಯೇ ಬಿಚ್ಚಿಡಿ. ಟ್ಯಾರೋ ಕಟ್ಟಿನಲ್ಲಿ 78 ಎಲೆಗಳಿರುತ್ತವೆ. ಅದರಿಂದ ಹತ್ತನ್ನು ಹರಡಿದಾಗ ಯಾವುದೇ ಒಂದು ನಿರ್ದಿಷ್ಟ ಎಲೆ ಆ ಹತ್ತರಲ್ಲಿ ಇರುವ ಸಂಭವ ಸುಮಾರು ಎಂಟಕ್ಕೆ ಒಂದು. ಅಂದು ನಿಮ್ಮ ನಾದಿನಿಯ ಮನೆಯಲ್ಲಿ ಎಂಟು ಮಂದಿ ಕಾರ್ಡು ನೋಡಿಸಿದ್ದರೆ ಒಬ್ಬರಿಗಾದರೂ ಈ ರಾಣಿ ಕಾಣಿಸಿಕೊಳ್ಳುವುದು ಸಹಜವೇ ಆಗಿತ್ತು. ಆ ಒಬ್ಬರು ಕಾಲೇಜಿಗೆ ಹೋಗುವ ಹುಡುಗನಾಗಿದ್ದರೆ ವಿಧವೆ ಎಂಬ ಮಾತು ಯಾರ ಬಾಯಿಗೂ ಬರುತ್ತಿರಲಿಲ್ಲ. ಎದುರಿಗೆ ಕುಳಿತವರು ಪತಿಯ ಕಾಯಿಲೆಯಿಂದ ಕಂಗೆಟ್ಟಿದ್ದ ಗೃಹಿಣಿ ಎಂಬ ಕಾರಣಕ್ಕೇ ಅದು ಬಂತು. ಅದೇ ಕಾರಣಕ್ಕೆ ಆಡಬಾರದ ಮಾತೂ ಅದಾಗಿತ್ತು.

ಹಾಗಾದರೆ ಆ ಪದ ಎಲ್ಲಿಂದ ಬಂತು? ಅದನ್ನು ನಿಮಗೆ ಹೇಳಿದವರು ತಾವಾಗಿ ಕಟ್ಟಿದ್ದಲ್ಲ, ಹಿಂದಿನವರ ಪುಸ್ತಕದಿಂದ ಎತ್ತಿಕೊಂಡದ್ದು. ಟ್ಯಾರೋ ಹುಟ್ಟಿದ್ದು 15ನೆಯ ಶತಮಾನದ ಉತ್ತರ ಇಟಲಿಯಲ್ಲಿ, ಮಿಲಾನ್ ಮತ್ತು ಫೆರಾರಾದಂತಹ ಆಸ್ಥಾನಗಳ ಸುತ್ತ, ಕೇವಲ ಒಂದು ಎಲೆಯಾಟವಾಗಿ. ಅದರಿಂದ ಕಣಿ ಹೇಳುವುದು ವ್ಯಾಪಕವಾದದ್ದು ಮುನ್ನೂರಕ್ಕೂ ಹೆಚ್ಚು ವರ್ಷಗಳ ನಂತರ, ಫ್ರಾನ್ಸಿನಲ್ಲಿ. 1781ರಲ್ಲಿ ಕೂರ್ ದ ಜೆಬ್ಲಾಂ ಎಂಬ ವಿದ್ವಾಂಸ ಈ ಎಲೆಗಳು ಪ್ರಾಚೀನ ಈಜಿಪ್ಟಿನ ಪುರೋಹಿತರ ಗುಪ್ತಗ್ರಂಥವೆಂದು ಬರೆದ. ಈಜಿಪ್ಟಿನ ಚಿತ್ರಲಿಪಿಯನ್ನು ಫ್ರೆಂಚ್ ವಿದ್ವಾಂಸ ಶಾಂಪೋಲಿಯೋನ್ ಬಿಡಿಸಿದ್ದು 1822ರಲ್ಲಿ ಎಂಬುದನ್ನು ನೆನೆದರೆ ಆ ಮಾತಿಗೆ ಎಷ್ಟು ಆಧಾರವಿತ್ತೆಂದು ತಿಳಿಯುತ್ತದೆ. ಅದೇ ಕಾಲದಲ್ಲಿ ಪ್ಯಾರಿಸ್ಸಿನ ಝಾನ್ ಬ್ಯಾಪ್ಟಿಸ್ಟ್ ಅಲಿಯೆಟ್ ಎಂಬಾತ ತನ್ನ ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿಕೊಂಡು 'ಎಟೈಲಾ' ಎನಿಸಿಕೊಂಡು, ಒಂದೊಂದು ಎಲೆಗೂ ಒಂದೊಂದು ಪದವನ್ನು ಅಂಟಿಸಿದ. ಖಡ್ಗದ ರಾಣಿಗೆ ಅವನು ಅಂಟಿಸಿದ ಪದವೇ ವೈಧವ್ಯ. ಆ ರಾಣಿಯ ಹಳೆಯ ಚಿತ್ರದಲ್ಲಿ ವೈಧವ್ಯದ ಗುರುತು ಯಾವುದೂ ಇಲ್ಲ. ಕಿರೀಟ, ಆಸನ, ಕೈಯಲ್ಲೊಂದು ಕತ್ತಿ, ಅಷ್ಟೇ. ಟ್ಯಾರೋ ಎಲೆಗಳಲ್ಲಿ ಕೋಲು, ಬಟ್ಟಲು, ಖಡ್ಗ, ನಾಣ್ಯ ಎಂಬ ನಾಲ್ಕು ಗುಂಪುಗಳಿವೆ. ಅವುಗಳಲ್ಲಿ ಕತ್ತಿಯ ಗುಂಪೆಂದರೆ ಕಲಹ, ಕಣ್ಣೀರು, ಅಗಲಿಕೆ ಎಂದು ಕಣಿ ಹೇಳುವವರು ಮೊದಲೇ ಗೊತ್ತು ಮಾಡಿಕೊಂಡಿದ್ದರು. ಕಣ್ಣೀರಿನ ಗುಂಪಿನಲ್ಲಿ ಒಬ್ಬ ಹೆಣ್ಣು ಕುಳಿತಿದ್ದಾಳೆಂದರೆ ಅವಳು ಗಂಡನನ್ನು ಕಳೆದುಕೊಂಡವಳೇ ಇರಬೇಕೆಂದು ಊಹಿಸಿದರು. ಹೆಣ್ಣಿನ ದುಃಖಕ್ಕೆ ಅವರಿಗೆ ಹೊಳೆದ ಕಾರಣ ಅದೊಂದೇ. ಆ ಊಹೆ ಇಂದು ನಿಮ್ಮ ನಿದ್ದೆ ಕೆಡಿಸಿದೆ.

ನೀವು ನೋಡಿದ ಚಿತ್ರ ಬಹುಮಟ್ಟಿಗೆ 1909ರ ಡಿಸೆಂಬರಿನಲ್ಲಿ ಲಂಡನ್ನಿನ ವಿಲಿಯಂ ರೈಡರ್ ಅಂಡ್ ಸನ್ ಸಂಸ್ಥೆ ಪ್ರಕಟಿಸಿದ ಕಟ್ಟಿನದು, ಇಲ್ಲವೇ ಅದನ್ನು ಅನುಸರಿಸಿದ ಹಲವಾರು ಕಟ್ಟುಗಳಲ್ಲಿ ಒಂದರದು. ಅದರ ಯೋಜನೆ ಗುಪ್ತವಿದ್ಯೆಗಳ ಬಗ್ಗೆ ಬರೆಯುತ್ತಿದ್ದ ಆರ್ಥರ್ ಎಡ್ವರ್ಡ್ ವೇಟ್ ಅವರದು, ಚಿತ್ರಗಳು ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆಯವು. ಪಮೇಲಾ 1878ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಬಾಲ್ಯದ ಕೆಲವು ವರ್ಷಗಳನ್ನು ಜಮೈಕಾದಲ್ಲಿ ಕಳೆದು, ನ್ಯೂಯಾರ್ಕಿನಲ್ಲಿ ಚಿತ್ರಕಲೆ ಕಲಿತವರು. ಲಂಡನ್ನಿನ ಲೈಸಿಯಂ ನಾಟಕ ತಂಡದ ಒಡನಾಟವೂ ಅವರಿಗಿತ್ತು. ಎಪ್ಪತ್ತೆಂಟು ಎಲೆಗಳನ್ನು ಬರೆದುಕೊಟ್ಟ ಈ ದೊಡ್ಡ ಕೆಲಸಕ್ಕೆ ಸಿಕ್ಕಿದ ಹಣ ಬಹಳ ಕಡಿಮೆಯೆಂದು ಅವರೇ ಒಂದು ಕಾಗದದಲ್ಲಿ ಬರೆದುಕೊಂಡಿದ್ದಾರೆ. ಎಷ್ಟೋ ಕಾಲ ಆ ಕಟ್ಟನ್ನು ಪ್ರಕಾಶಕರ ಮತ್ತು ವೇಟ್ ಅವರ ಹೆಸರಿನಿಂದಲೇ ಕರೆಯುತ್ತಿದ್ದರು. 1951ರಲ್ಲಿ ಆಕೆ ಕಾರ್ನ್‌ವಾಲಿನ ಬ್ಯೂಡ್ ಎಂಬ ಕಡಲತೀರದ ಊರಿನಲ್ಲಿ ಬಡತನದಲ್ಲೇ ತೀರಿಕೊಂಡರು. ಮುಂದೆಂದಾದರೂ ಆ ಎಲೆ ನಿಮ್ಮ ಕೈಗೆ ಬಂದರೆ ಮೂಲೆಯಲ್ಲಿ ಸುರುಳಿಯಂತಿರುವ ಸಣ್ಣ ಸಹಿಯನ್ನು ನೋಡಿ. ಅದು ಪಮೇಲಾ ಅವರದು. ಇಷ್ಟನ್ನು ಹೇಳಿದ್ದೇಕೆಂದರೆ, ನಿಮ್ಮನ್ನು ಹೆದರಿಸಿದ ಪದ ಒಬ್ಬರದು, ನಿಮ್ಮ ಮುಂದೆ ಬಂದ ಚಿತ್ರ ಇನ್ನೊಬ್ಬರದು. ಎರಡರ ನಡುವೆ ನೂರಕ್ಕೂ ಹೆಚ್ಚು ವರ್ಷಗಳ ಅಂತರವಿದೆ.

ಇನ್ನು ಚಿತ್ರ. ರಾಣಿ ಎತ್ತರದ ಜಾಗದಲ್ಲಿ, ಕಲ್ಲಿನ ಸಿಂಹಾಸನದ ಮೇಲೆ, ನಮಗೆ ಮುಖದ ಒಂದು ಪಾರ್ಶ್ವ ಮಾತ್ರ ಕಾಣುವಂತೆ ಕುಳಿತಿದ್ದಾಳೆ. ಬಲಗೈಯಲ್ಲಿ ಖಡ್ಗ ನೆಟ್ಟಗೆ ನಿಂತಿದೆ. ಅದರ ಹಿಡಿ ಸಿಂಹಾಸನದ ತೋಳಿನ ಮೇಲೆ ಊರಿದೆ. ಯಾರನ್ನೋ ಕಡಿಯಲು ಬೀಸಿದ ಕತ್ತಿಯಲ್ಲ ಅದು. ಎಡಗೈ ಮುಂದಕ್ಕೆ ಚಾಚಿದೆ, ಬರಿದಾಗಿದೆ, ತೆರೆದಿದೆ. ಕಿರೀಟದಲ್ಲಿ ಚಿಟ್ಟೆಗಳಿವೆ, ಸಿಂಹಾಸನದ ಪಕ್ಕದಲ್ಲಿ ಚಿಟ್ಟೆಯ ಮತ್ತು ರೆಕ್ಕೆಗಳುಳ್ಳ ಮಗುವಿನ ಮುಖದ ಕೆತ್ತನೆಯಿದೆ, ಹೊದ್ದ ನಿಲುವಂಗಿಯ ತುಂಬ ಮೋಡಗಳ ಚಿತ್ತಾರವಿದೆ. ಹಿಂದೆ ದಿಗಂತದ ಬಳಿ ಮೋಡಗಳು ಗುಂಪುಗೂಡಿವೆ. ಆದರೆ ರಾಣಿಯ ಮುಖ ಆ ಮೋಡಗಳಿಗಿಂತ ಮೇಲಿದೆ, ಮುಖದ ಸುತ್ತ ಆಕಾಶ ತಿಳಿಯಾಗಿದೆ, ಮೇಲೆ ಒಂದೇ ಒಂದು ಹಕ್ಕಿ ಹಾರುತ್ತಿದೆ.

ಚಿಟ್ಟೆಯ ಸಂಕೇತ ಹಳೆಯದು. ಗ್ರೀಕ್ ಭಾಷೆಯಲ್ಲಿ 'ಸೈಕಿ' ಎಂಬ ಒಂದೇ ಪದ ಆತ್ಮವನ್ನೂ ಚಿಟ್ಟೆಯನ್ನೂ ಹೇಳುತ್ತದೆ. ಗೂಡಿನೊಳಗೆ ಕರಗಿ ಬೇರೆ ರೂಪದಲ್ಲಿ ಹೊರಬರುವ ಜೀವಿಯನ್ನು ಕಿರೀಟದಲ್ಲಿ ಧರಿಸಿದವಳು ಏನನ್ನೋ ದಾಟಿ ಬಂದವಳು. ಮೋಡದ ವಿಷಯದಲ್ಲಿ ಇನ್ನೊಂದು ಲೆಕ್ಕವಿದೆ. ವೇಟ್ ಮತ್ತು ಪಮೇಲಾ ಇಬ್ಬರೂ ಸದಸ್ಯರಾಗಿದ್ದ 'ಗೋಲ್ಡನ್ ಡಾನ್' ಎಂಬ ಗುಪ್ತಸಂಘ ಕೋಲು, ಬಟ್ಟಲು, ಖಡ್ಗ, ನಾಣ್ಯ ಎಂಬ ನಾಲ್ಕು ಗುಂಪುಗಳಿಗೆ ಕ್ರಮವಾಗಿ ಬೆಂಕಿ, ನೀರು, ಗಾಳಿ, ಮಣ್ಣುಗಳನ್ನು ಹೊಂದಿಸಿತ್ತು. ರಾಣಿಯರೆಲ್ಲರಿಗೂ ನೀರನ್ನು ಕೊಟ್ಟಿತ್ತು. ಹಾಗೆ ಖಡ್ಗದ ರಾಣಿ ಗಾಳಿಯಲ್ಲಿರುವ ನೀರು. ಗಾಳಿಯಲ್ಲಿರುವ ನೀರೆಂದರೆ ಮೋಡವೇ ಅಲ್ಲವೇ? ಕಣ್ಣೀರಾಗಿ ಸುರಿಯಬೇಕಾದದ್ದು ಇವಳಲ್ಲಿ ಮೇಲೇರಿ ನಿಂತಿದೆ, ಅದನ್ನು ಇವಳು ಮೈಮೇಲೆ ಹೊದ್ದುಕೊಂಡಿದ್ದಾಳೆ. ಈ ಎಲೆಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಆ ನಿಲುವಂಗಿ.

ಖಡ್ಗದ ಗುಂಪಿನ ಉಳಿದ ಎಲೆಗಳ ಜೊತೆಗಿಟ್ಟು ನೋಡಿದರೆ ಈ ರಾಣಿಯ ಮಹತ್ವ ಇನ್ನೂ ಸ್ಪಷ್ಟವಾಗುತ್ತದೆ. ಎರಡನೆಯ ಎಲೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹೆಣ್ಣೊಬ್ಬಳು ಎದೆಯ ಮೇಲೆ ಎರಡು ಕತ್ತಿಗಳನ್ನು ಅಡ್ಡಡ್ಡ ಹಿಡಿದು ಕುಳಿತಿದ್ದಾಳೆ. ಎಂಟನೆಯದರಲ್ಲಿ ಹೆಣ್ಣೊಬ್ಬಳ ಮೈಯನ್ನೂ ಕಣ್ಣನ್ನೂ ಕಟ್ಟಿ ಕತ್ತಿಗಳ ಬೇಲಿಯ ನಡುವೆ ನಿಲ್ಲಿಸಲಾಗಿದೆ. ಒಂಬತ್ತನೆಯದರಲ್ಲಿ ರಾತ್ರಿ ಹಾಸಿಗೆಯ ಮೇಲೆ ಎದ್ದು ಕುಳಿತ ಒಬ್ಬರು ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡಿದ್ದಾರೆ. ನಿಮ್ಮ ಪತ್ರ ಓದಿದಾಗ ನನ್ನ ಮನಸ್ಸಿಗೆ ಬಂದದ್ದು ಈ ಒಂಬತ್ತನೆಯ ಎಲೆಯೇ. ಇವೆಲ್ಲ ಆದಮೇಲೆ ರಾಣಿ ಬರುತ್ತಾಳೆ: ಕಣ್ಣಿಗೆ ಪಟ್ಟಿಯಿಲ್ಲ, ಮೈಗೆ ಕಟ್ಟಿಲ್ಲ, ಮುಖದ ಮೇಲೆ ಕೈಯಿಲ್ಲ. ಅವಳ ಎಡ ಮಣಿಕಟ್ಟಿನಿಂದ ಇಳಿಬಿದ್ದ ಕುಚ್ಚನ್ನು ಹರಿದುಹೋದ ಹಳೆಯ ಕಟ್ಟಿನ ತುಂಡೆಂದು ಕೆಲವರು ಓದುತ್ತಾರೆ. ಅದು ಕಲಾವಿದೆಯ ಉದ್ದೇಶವಾಗಿತ್ತೆಂದು ಸಾಧಿಸಲಾಗದು; ಆದರೂ ಚಿತ್ರಕ್ಕೆ ಒಪ್ಪುವ ಓದು ಅದು.

ಇನ್ನೊಂದು ಹೋಲಿಕೆಯನ್ನೂ ಹೇಳಬೇಕು. ನಾಲ್ಕು ಗುಂಪುಗಳಿಗೆ ಸೇರದ ಮುಖ್ಯ ಎಲೆಗಳೂ ಇದೇ ಕಟ್ಟಿನಲ್ಲಿವೆ, ಅವುಗಳಲ್ಲಿ ಹನ್ನೊಂದನೆಯದು ನ್ಯಾಯದ್ದು. ಅಲ್ಲಿಯೂ ಸಿಂಹಾಸನದ ಮೇಲೆ ಕುಳಿತ ವ್ಯಕ್ತಿಯ ಬಲಗೈಯಲ್ಲಿ ಖಡ್ಗ ನೆಟ್ಟಗಿದೆ, ಎಡಗೈಯಲ್ಲಿ ತಕ್ಕಡಿಯಿದೆ. ನ್ಯಾಯ ನಮ್ಮನ್ನು ನೇರವಾಗಿ ನೋಡುತ್ತದೆ, ರಾಣಿ ನೋಡುವುದಿಲ್ಲ. ನ್ಯಾಯದ ಎಡಗೈ ತೂಗುತ್ತದೆ, ರಾಣಿಯ ಎಡಗೈ ಬರಮಾಡಿಕೊಳ್ಳುತ್ತದೆ. ಎದುರಿಗೆ ಬಂದವರನ್ನು ಅವಳು ತೂಗಿ ನೋಡುವುದಿಲ್ಲ, 'ಬಾ, ಇದ್ದದ್ದನ್ನು ಇದ್ದ ಹಾಗೆ ಹೇಳು' ಎನ್ನುತ್ತಾಳೆ. ವೇಟ್ ತಮ್ಮ ಪುಸ್ತಕದಲ್ಲಿ ಈ ಮುಖ ಕಠಿಣವಾದರೂ ಮಾಗಿದ್ದೆಂದು, ದುಃಖದ ಪರಿಚಯವಿರುವ ಮುಖವೆಂದು ಬರೆಯುತ್ತಾರೆ. ಅದು ಒಪ್ಪುವ ಮಾತು. ಮುಂದುವರಿದು, ಖಡ್ಗವಿದ್ದರೂ ಇವಳು ಶಕ್ತಿಯ ಸಂಕೇತವಲ್ಲ ಎನ್ನುತ್ತಾರೆ, ಅರ್ಥಗಳ ಪಟ್ಟಿಯಲ್ಲಿ ಮತ್ತೆ ವೈಧವ್ಯವನ್ನೇ ಮೊದಲಿಗಿಡುತ್ತಾರೆ. ಅದನ್ನು ನಾನು ಒಪ್ಪಲಾರೆ. ಅವರು ಬರೆಸಿದ ಚಿತ್ರವೇ ಅದನ್ನು ಒಪ್ಪುವುದಿಲ್ಲ.

ನಮ್ಮ ಕಡೆಯ ಕಣ್ಣಿಗೆ ಖಡ್ಗ ಹಿಡಿದು ಕುಳಿತ ಹೆಣ್ಣೆಂದರೆ ಮೊದಲು ನೆನಪಾಗುವುದು ದೇವಿ. ಪಮೇಲಾ ದೇವಿಯನ್ನು ಚಿತ್ರಿಸಲಿಲ್ಲ, ಹಾಗೆ ಓದಿದರೆ ಚಿತ್ರದ ಚರಿತ್ರೆಗೆ ಅಪಚಾರವಾಗುತ್ತದೆ. ಆದರೂ, ದೇವಿಯ ಕೈಯ ಖಡ್ಗ ಕಂಡು ಕೈಮುಗಿಯುವ ನೀವು ಈ ಖಡ್ಗಕ್ಕೆ ಹೆದರಬೇಕಾಗಿಲ್ಲ. ಇದು ಯಾವ ಮುತ್ತೈದೆಯ ಕುಂಕುಮವನ್ನೂ ಅಳಿಸುವ ಆಯುಧವಲ್ಲ. ಸುಳ್ಳನ್ನೂ ಸತ್ಯವನ್ನೂ ಬೇರ್ಪಡಿಸುವ ಬುದ್ಧಿಯ ಗುರುತು. ನಾಲ್ಕು ತಿಂಗಳ ಕೆಳಗೆ ಶಸ್ತ್ರಚಿಕಿತ್ಸೆಯ ಕೊಠಡಿಯ ಹೊರಗೆ ಕುಳಿತಿದ್ದವರು, ಕಾಗದಗಳಿಗೆ ಸಹಿ ಹಾಕಿದವರು, ಔಷಧಿಯ ಹೊತ್ತು ತಪ್ಪದಂತೆ ನೋಡಿಕೊಂಡವರು ನೀವು. ಆ ಎಲೆಯಲ್ಲಿ ಯಾರನ್ನಾದರೂ ಕಾಣಲೇಬೇಕೆಂದಿದ್ದರೆ, ಆಗಿಹೋದದ್ದನ್ನು ಗಟ್ಟಿಮನಸ್ಸಿನಿಂದ ದಾಟಿ ಬಂದ ನಿಮ್ಮನ್ನೇ ಕಾಣಿರಿ.

ಪ್ರಶ್ನೆ: ಮನೆಯಲ್ಲಿ ಆಡುವ ಇಸ್ಪೀಟಿನಲ್ಲಿ ರಾಜ, ರಾಣಿ, ಗುಲಾಮ ಎಂದು ಮೂರೇ ಚಿತ್ರದ ಎಲೆಗಳಿವೆ. ಟ್ಯಾರೋದಲ್ಲಿ ನಾಲ್ಕಿವೆಯಂತೆ. ರಾಣಿ ಮೊದಲಿನಿಂದಲೂ ಇದ್ದಳೇ?
— ಪದವಿ ವಿದ್ಯಾರ್ಥಿ, ಧಾರವಾಡ

ಉತ್ತರ: ಇರಲಿಲ್ಲ. ಯುರೋಪಿಗೆ ಇಸ್ಪೀಟೆಲೆಗಳು 14ನೆಯ ಶತಮಾನದಲ್ಲಿ ಮುಸ್ಲಿಂ ಜಗತ್ತಿನಿಂದ ಬಂದವು; 1377ರಲ್ಲಿ ಫ್ಲಾರೆನ್ಸ್ ನಗರ ಅವುಗಳ ಮೇಲೆ ನಿರ್ಬಂಧ ಹೇರಿದ ದಾಖಲೆಯಿದೆ. ಈಜಿಪ್ಟನ್ನು ಆಳಿದ ಮಾಮ್ಲೂಕರ ಕಾಲದ ಒಂದು ಕಟ್ಟು ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯಲ್ಲಿ ಉಳಿದಿದೆ. ಅದರಲ್ಲಿ ಬಟ್ಟಲು, ನಾಣ್ಯ, ಖಡ್ಗ ಮತ್ತು ಪೋಲೋ ಆಟದ ಕೋಲು ಎಂಬ ನಾಲ್ಕು ಗುಂಪುಗಳಿವೆ; ಪ್ರತಿ ಗುಂಪಿಗೂ ರಾಜನೊಬ್ಬ, ಅವನ ಕೈಕೆಳಗಿನ ಇಬ್ಬರು ಅಧಿಕಾರಿಗಳು. ಹೆಣ್ಣಿಲ್ಲ. ಗಂಜೀಫ ಎಂಬ ನಮ್ಮ ಹಳೆಯ ಎಲೆಯಾಟದಲ್ಲಿಯೂ ಇದೇ ಬಗೆ: 96 ಎಲೆಗಳ ಮೊಗಲ್ ಗಂಜೀಫದಲ್ಲಿ, 120 ಎಲೆಗಳ ದಶಾವತಾರ ಗಂಜೀಫದಲ್ಲಿ, ಪ್ರತಿ ಗುಂಪಿಗೂ ರಾಜ ಮತ್ತು ಮಂತ್ರಿ ಮಾತ್ರ. ಮುಮ್ಮಡಿ ಕೃಷ್ಣರಾಜ ಒಡೆಯರು ಎಲೆಯಾಟಗಳಲ್ಲಿ ಅಪಾರ ಆಸಕ್ತಿ ತಳೆದು ಮೈಸೂರಿನಲ್ಲಿ ಹೊಸ ಹೊಸ ಆಟಗಳನ್ನೇ ರೂಪಿಸಿದ್ದು ಬೇರೆಯೇ ಒಂದು ಕಥೆ.

ರಾಣಿಯನ್ನು ಎಲೆಗಳೊಳಗೆ ಕರೆತಂದದ್ದು ಯುರೋಪು. ಅಲ್ಲಿಯೂ ಎಲ್ಲರೂ ಅವಳನ್ನು ಒಪ್ಪಲಿಲ್ಲ. ಸ್ಪೇನ್ ಮತ್ತು ಇಟಲಿಯ ಸಾಮಾನ್ಯ ಕಟ್ಟುಗಳು ರಾಜ, ಕುದುರೆ ಸವಾರ, ಕಾಲಾಳು ಎಂಬ ಮೂವರಲ್ಲೇ ನಿಂತವು. ಫ್ರೆಂಚರು ಸವಾರನನ್ನು ಬಿಟ್ಟು ರಾಣಿಯನ್ನು ಇಟ್ಟುಕೊಂಡರು, ನಮ್ಮ ಮನೆಗಳಿಗೆ ಬಂದದ್ದು ಅವರ ಕ್ರಮ. ಟ್ಯಾರೋ ಮಾತ್ರ ರಾಜ, ರಾಣಿ, ಸವಾರ, ಸೇವಕ ಎಂಬ ನಾಲ್ವರನ್ನೂ ಉಳಿಸಿಕೊಂಡಿತು. 15ನೆಯ ಶತಮಾನದ ಮಧ್ಯದಲ್ಲಿ ಮಿಲಾನಿನ ವಿಸ್ಕೋಂತಿ ಮನೆತನಕ್ಕಾಗಿ ಕೈಯಿಂದ ಬರೆದ ಒಂದು ಕಟ್ಟು ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದೆ. ಅದರಲ್ಲಿ ರಾಣಿಯ ಜೊತೆಗೆ ಹೆಣ್ಣು ಸವಾರಳೂ ಹೆಣ್ಣು ಸೇವಕಿಯೂ ಇದ್ದಾರೆ. ಅಂಥ ಕಟ್ಟು ಮುಂದುವರಿಯದೆ ಹೋದದ್ದು ನನಗೆ ನಷ್ಟವೆನಿಸುತ್ತದೆ. ಇಂಗ್ಲಿಷಿನ 'ಸ್ಪೇಡ್' ಎಂಬ ಎಲೆಯ ಹೆಸರು ಬಂದದ್ದು ಇಟಲಿ ಮತ್ತು ಸ್ಪೇನಿನ ಮಾತುಗಳಲ್ಲಿ ಖಡ್ಗಕ್ಕಿರುವ ಪದದಿಂದ ಎಂಬುದನ್ನೂ ಸೇರಿಸುತ್ತೇನೆ. ಮನೆಯಲ್ಲಿ ನೀವು ಆಡುವ ಇಸ್ಪೀಟ್ (ಸ್ಪೇಡ್) ಗುಂಪಿನ ರಾಣಿ ಹೆಸರಿನ ಬಳಕೆಯಲ್ಲಿ ಖಡ್ಗದ ರಾಣಿಯ ಬಂಧುವೇ.

ಪ್ರಶ್ನೆ: ಖಡ್ಗದ ರಾಣಿ ತಲೆಕೆಳಗಾಗಿ ಬಂದರೆ ಕೆಟ್ಟ ಹೆಂಗಸು ಎಂದು ಪುಸ್ತಕದಲ್ಲಿದೆ. ಇದು ಸರಿಯೇ?
— ಶಿಕ್ಷಕಿ, ಹಾಸನ

ಉತ್ತರ: ವೇಟ್ ಅವರ ಪಟ್ಟಿಯಲ್ಲಿ ದ್ವೇಷ, ಮೋಸ, ಸಂಕುಚಿತ ಬುದ್ಧಿ ಇತ್ಯಾದಿ ಇವೆ. ನೇರವಾಗಿ ಮಾತನಾಡುವ ಹೆಣ್ಣಿಗೆ ಊರು ಕೊಡುವ ಬಿರುದುಗಳೂ ಇವೇ ಆದ್ದರಿಂದ ಈ ಪಟ್ಟಿಯನ್ನು ನಾನು ಬಹಳ ಎಚ್ಚರದಿಂದ ಓದುತ್ತೇನೆ. ಚಿತ್ರವನ್ನೇ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ: ಖಡ್ಗದ ತುದಿ ನೆಲಕ್ಕೆ ತಿರುಗುತ್ತದೆ, ಕೆಳಗಿದ್ದ ಮೋಡಗಳು ತಲೆಯ ಮೇಲಕ್ಕೆ ಬರುತ್ತವೆ. ತಿಳಿಯಾಗಿ ಕಾಣುತ್ತಿದ್ದವಳಿಗೆ ಈಗ ದುಃಖವೇ ಅಡ್ಡವಾಗಿದೆ, ಅವಳ ಮಾತು ಅಳತೆ ಮೀರಿ ಹರಿತವಾಗಬಹುದು ಅಥವಾ ಪೂರಾ ನಿಂತುಹೋಗಬಹುದು. ಅದು ನೊಂದವರ ಸ್ಥಿತಿ. ಅದನ್ನು ಕೆಟ್ಟತನವೆಂದು ಕರೆಯುವುದು ಅನ್ಯಾಯ. ಇಂಗ್ಲೆಂಡಿನ ಗುಪ್ತವಿದ್ಯೆಯ ಲೇಖಕ ಅಲಿಸ್ಟರ್ ಕ್ರೌಲಿಗಾಗಿ ಕಲಾವಿದೆ ಫ್ರೀಡಾ ಹ್ಯಾರಿಸ್ ಬರೆದ ಥೋತ್ ಎಂಬ ಟ್ಯಾರೋ ಕಟ್ಟಿನಲ್ಲಿ ಈ ರಾಣಿಯ ಕೈಯಲ್ಲಿ ಗಡ್ಡವಿರುವ ಗಂಡಸಿನ ಕತ್ತರಿಸಿದ ತಲೆಯಿದೆ. ಅಲ್ಲಿ ಕೂಡ ಅದನ್ನು ಕೊಲೆಯೆಂದಲ್ಲ, ಮೋಹದ ಮುಖವಾಡ ಕಳಚುವುದೆಂದೇ ಓದುತ್ತಾರೆ.

ಪ್ರಶ್ನೆ: ನಾನು ಗಂಡಸು. ನನಗೆ ಪದೇಪದೇ ರಾಣಿಯ ಎಲೆಗಳೇ ಬರುತ್ತವೆ. ಯಾರೋ ಹೆಣ್ಣು ಬಾಳಿನಲ್ಲಿ ಬರುತ್ತಾಳೆಂದು ಇದರ ಅರ್ಥವೇ?
— ಬ್ಯಾಂಕ್ ಉದ್ಯೋಗಿ, ಮಂಗಳೂರು

ಉತ್ತರ: ಹಳೆಯ ಕಣಿಯವರು ಹಾಗೆಯೇ ಹೇಳುತ್ತಿದ್ದರು, ಕೋಲಿನ ರಾಣಿಯೆಂದರೆ ಇಂಥ ಕೂದಲಿನವಳು, ನಾಣ್ಯದ ರಾಣಿಯೆಂದರೆ ಇಂಥ ಮೈಬಣ್ಣದವಳು ಎಂದು ಕೂಡ ಗುರುತಿಸುತ್ತಿದ್ದರು. ಯುರೋಪಿನ ಮೈಬಣ್ಣಗಳ ಆ ಪಟ್ಟಿಗೆ ಮಂಗಳೂರಿನಲ್ಲಿ ಕೆಲಸವಿಲ್ಲ. ಈಗ ಬಹುಮಂದಿ ರಾಣಿಯನ್ನು ಒಂದು ಸ್ವಭಾವವೆಂದು ಓದುತ್ತಾರೆ, ಅದು ಗಂಡಸರಲ್ಲಿಯೂ ಇರುವಂಥದ್ದು. ರಾಜ ತನ್ನ ಗುಂಪಿನ ಗುಣವನ್ನು ಹೊರಗಿನ ಲೋಕದಲ್ಲಿ ಚಲಾಯಿಸುತ್ತಾನೆ, ರಾಣಿ ಅದನ್ನು ಒಳಗೆ ಪೋಷಿಸುತ್ತಾಳೆ. ಕೋಲಿನ ರಾಣಿಯ ಕೈಯಲ್ಲಿ ಸೂರ್ಯಕಾಂತಿಯಿದೆ, ಕಾಲ ಬಳಿ ಕಪ್ಪು ಬೆಕ್ಕು ಕುಳಿತಿದೆ: ಉತ್ಸಾಹವಿದೆ, ಅದರ ನೆರಳಿನ ಅರಿವೂ ಇದೆ. ಬಟ್ಟಲಿನ ರಾಣಿ ನೀರಿನಂಚಿನಲ್ಲಿ ಕುಳಿತು ದಿಟ್ಟಿಸುತ್ತಿರುವ ಬಟ್ಟಲಿಗೆ ಮುಚ್ಚಳವಿದೆ. ಹೇಳಿಕೊಳ್ಳಲಾಗದ ಭಾವನೆಯನ್ನು ಅವಳು ಚೆಲ್ಲದೆ ಕಾಪಾಡುತ್ತಿದ್ದಾಳೆ. ನಾಣ್ಯದ ರಾಣಿಯ ಸುತ್ತ ಹೂಬಳ್ಳಿ, ಮೂಲೆಯಲ್ಲೊಂದು ಮೊಲ, ಮಡಿಲಲ್ಲಿ ಮಗುವಿನಂತೆ ಹಿಡಿದ ನಾಣ್ಯ. ನಿಮಗೆ ಯಾವ ರಾಣಿ ಬಂದಳೆಂದು ನೀವು ಬರೆದಿಲ್ಲ. ಮುಂದಿನ ಸಲ ಎಲೆ ಬಂದಾಗ ಪುಸ್ತಕ ತೆರೆಯುವ ಮೊದಲು ಅವಳ ಎರಡು ಕೈಗಳನ್ನು ನೋಡಿ, ಒಂದು ಏನನ್ನು ಹಿಡಿದಿದೆ, ಇನ್ನೊಂದು ಏನು ಮಾಡುತ್ತಿದೆ ಎಂದು ಬರೆದು ಕಳುಹಿಸಿ. ಅಲ್ಲಿಂದ ಮಾತು ಮುಂದುವರಿಸೋಣ.